ಹುಷಾರು: ಒಂದು ಶಬ್ದದ ಎರಡು ಊರುಗಳು

(ವಡಾಲದಲ್ಲಿ ಕನ್ನಡ ರಾಜ್ಯೋತ್ಸವದ ಅಂಗವಾಗಿ ಏರ್ಪಟ್ಟ ಸಂಜೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯಲ್ಲಿ ನಿಂತವರು ಕದಂಬರಿಂದ ಮೊದಲುಗೊಂಡು ಏಕೀಕರಣದವರೆಗೆ ಒಂದು ಯಾತ್ರೆ ಮಾಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಯಾತ್ರೆಯನ್ನು ನನಗಿಂತ ಸಮರ್ಥರು ಈ ವೇದಿಕೆಯಿಂದಲೇ ಹಲವು ಬಾರಿ ಮಾಡಿಸಿದ್ದಾರೆ. ನಾನು ಈ ಸಂಜೆ ಮಾತನಾಡಬೇಕೆಂದಿರುವುದು ಒಂದೇ ಒಂದು ಶಬ್ದವನ್ನು ಕುರಿತು. ಅದು ಅಚ್ಚಗನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿಯಾದರೂ ಕೇಳಿಬರುವ ಶಬ್ದ. ಅದು 'ಹುಷಾರು'.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಸಭೆ ಏಕೆ ಎಂದು ನೀವು ಕೇಳಬಹುದು. ಹೊರನಾಡಿನಲ್ಲಿ ಬದುಕುವವನಿಗೆ ಶಬ್ದದ ಅರ್ಥವೆಂಬುದು ಕೇವಲ ನಿಘಂಟಿನ ವಿಷಯವಲ್ಲ. ಒಂದು ಶಬ್ದದ ಅರ್ಥ ತಪ್ಪಿದ್ದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಶಬ್ದದ ಪರಿಚಯವಾಗಲಿ.

ಕನ್ನಡದಲ್ಲಿ 'ಹುಷಾರು' ಮಾಡುವ ಕೆಲಸ ಮುಖ್ಯವಾಗಿ ಮೂರು. ಮೊದಲನೆಯದು ಬುದ್ಧಿಯ ಚುರುಕನ್ನು ಹೇಳುವುದು: 'ಆ ಹುಡುಗ ಲೆಕ್ಕದಲ್ಲಿ ಬಹಳ ಹುಷಾರು.' ಎರಡನೆಯದು ಎಚ್ಚರಿಕೆ ಕೊಡುವುದು: 'ರಸ್ತೆ ದಾಟುವಾಗ ಹುಷಾರು', 'ಮೆಟ್ಟಿಲು ಒದ್ದೆಯಾಗಿದೆ, ಹುಷಾರಾಗಿ ಇಳಿ.' ಮೂರನೆಯದು ದೇಹಾರೋಗ್ಯವನ್ನು ಸೂಚಿಸುವುದು: 'ಅಮ್ಮನಿಗೆ ಹುಷಾರಿಲ್ಲ', 'ಜ್ವರ ಬಿಟ್ಟಿತು, ಈಗ ಹುಷಾರಾಗಿದ್ದಾಳೆ.' ಬುದ್ಧಿ, ಎಚ್ಚರ, ಆರೋಗ್ಯ ಈ ಮೂರನ್ನೂ ಒಂದೇ ಶಬ್ದ ಹೊರುತ್ತದೆ. ಕೇಳುವ ಕನ್ನಡಿಗನಿಗೆ ಗೊಂದಲವಾಗುವುದಿಲ್ಲ. 'ಇವನು ಹುಷಾರಿಲ್ಲ' ಎಂದರೆ ಬುದ್ಧಿಯ ಮಾತೋ ದೇಹದ ಮಾತೋ ಎಂಬ ಅನುಮಾನಕ್ಕೆ ಎಡೆಯುಂಟು. 'ಇವನಿಗೆ ಹುಷಾರಿಲ್ಲ' ಎಂದೊಡನೆ ಅನುಮಾನ ತೀರುತ್ತದೆ. ಒಂದು ಚತುರ್ಥೀ ವಿಭಕ್ತಿ ಹುಡುಗನ ಬುದ್ಧಿಯನ್ನು ಕಾಪಾಡಿಬಿಡುತ್ತದೆ. ಆ 'ಗೆ' ಪ್ರತ್ಯಯವನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ವ್ಯಾಕರಣದ ಇನ್ನೊಂದು ಸಂಗತಿ. 'ಜಾಣ' ಎಂಬ ಶಬ್ದಕ್ಕೆ ಲಿಂಗವುಂಟು: ಜಾಣ, ಜಾಣೆ. 'ಹುಷಾರು' ಎಂಬುದಕ್ಕೆ ಇಲ್ಲ. ಹುಡುಗನೂ ಹುಷಾರು, ಹುಡುಗಿಯೂ ಹುಷಾರು, ಮನೆ ಕಾಯುವ ನಾಯಿಯೂ ಹುಷಾರು. 'ಆಗು', 'ಇರು', 'ಇಲ್ಲ' ಎಂಬ ಮೂರು ಕ್ರಿಯೆಗಳೊಡನೆ ಬೆರೆತು ಅದು ತನ್ನ ಕೆಲಸವನ್ನೆಲ್ಲ ಸಾಗಿಸುತ್ತದೆ.

ಇನ್ನು ಅದರ ಹುಟ್ಟೂರು. ಶಬ್ದ ಫಾರಸಿಯದು: 'ಹೋಶ್‌ಯಾರ್'. 'ಹೋಶ್' ಎಂದರೆ ಪ್ರಜ್ಞೆ, ಅರಿವು. 'ಯಾರ್' ಎಂಬುದು ಇಲ್ಲಿ 'ಉಳ್ಳವನು' ಎಂಬರ್ಥದ ಪ್ರತ್ಯಯ. 'ಬಖ್ತ್' ಅಂದರೆ ಅದೃಷ್ಟ, 'ಬಖ್ತಿಯಾರ್' ಅಂದರೆ ಅದೃಷ್ಟವಂತ. ಹಾಗೆಯೇ ಹೋಶ್‌ಯಾರ್ ಅಂದರೆ ಅರಿವುಳ್ಳವನು, ಪ್ರಜ್ಞೆಯಲ್ಲಿರುವವನು. ನಾಟಕ ಕಂಪೆನಿಗಳ ದರ್ಬಾರು ದೃಶ್ಯಗಳಲ್ಲಿ, ಹಿಂದಿಯ ಐತಿಹಾಸಿಕ ಚಿತ್ರಗಳಲ್ಲಿ ಸುಲ್ತಾನರು ಬರುವ ಮುನ್ನ ಚೋಪದಾರ ಕೂಗುವ ಕೂಗಿನ ಕೊನೆಯ ಶಬ್ದವೂ ಇದೇ. 'ಎಲ್ಲರೂ ಬುದ್ಧಿವಂತರಾಗಿರಿ' ಎಂದು ಅವನು ಕೂಗುವುದಲ್ಲ. 'ಎಚ್ಚರದಿಂದಿರಿ, ಗಮನವಿಡಿ' ಎಂದು ಕೂಗುವುದು.

ಇನ್ನೂ ಹಿಂದಕ್ಕೆ ಹೋದರೆ ಒಂದು ವಿಸ್ಮಯ ಕಾದಿದೆ. ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ 'ಉಶಿ' ಎಂಬ ಶಬ್ದವಿದೆ. ಅದಕ್ಕೆ ಎರಡು ಕಿವಿಗಳು ಎಂದೂ ಗ್ರಹಣಶಕ್ತಿ ಎಂದೂ ಅರ್ಥ. ಫಾರಸಿಯ 'ಹೋಶ್' ಆ ಮೂಲದ್ದೆಂದು ಇರಾನೀ ಭಾಷೆಗಳ ವಿದ್ವಾಂಸರು ಹೇಳುತ್ತಾರೆ. ಅಂದರೆ ನಾವು 'ಹುಷಾರು' ಎಂದಾಗ, ಅದರ ಗರ್ಭದಲ್ಲಿ ಎಲ್ಲೋ ಒಂದು ಕಿವಿಯಿದೆ. ಕಿವಿಗೊಟ್ಟು ಕೇಳುವವನೇ ಮೊದಲ ಹುಷಾರು ಮನುಷ್ಯ. ಈ ಸಭೆಯಿಂದ ಹೊರಟು ಐದು ತೋಟಗಳ ಕಡೆಗೆ ನಡೆದರೆ ದಾದರಿನ ಪಾರ್ಸಿ ಕಾಲೊನಿ ಸಿಗುತ್ತದೆ. ಅಲ್ಲಿನ ಅಗಿಯಾರಿಯಲ್ಲಿ ಇಂದಿಗೂ ಅವೆಸ್ತಾದ ಪ್ರಾರ್ಥನೆಗಳು ನಡೆಯುತ್ತವೆ. ನಮ್ಮ ಅಜ್ಜಿಯರ ಬಾಯಲ್ಲಿದ್ದ ಶಬ್ದದ ಹಿರಿಯ ಬಂಧುವೊಂದು ನಾಲ್ಕು ಬೀದಿಗಳಾಚೆ ಇಷ್ಟು ಕಾಲ ವಾಸವಾಗಿತ್ತು. ನಮಗೆ ಪರಸ್ಪರ ಗುರುತು ಸಿಕ್ಕಿರಲಿಲ್ಲ, ಅಷ್ಟೆ. ಮುಂಬಯಿಯ ಬಾಳೇ ಹಾಗೆ.

ಫಾರಸಿಯ ಶಬ್ದ ಕನ್ನಡಕ್ಕೆ ಬಂದದ್ದಾದರೂ ಹೇಗೆ? 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರ್ಗಿ ರಾಜಧಾನಿಯಾದಂದಿನಿಂದ, ಬಳಿಕ ಬೀದರಿನಿಂದ, ಬಿಜಾಪುರದ ಆದಿಲ್‌ಶಾಹಿಯಿಂದ, ಕನ್ನಡ ನೆಲದ ಆಡಳಿತದಲ್ಲಿ ಫಾರಸಿ ಶತಮಾನಗಳ ಕಾಲ ನಿಂತಿತು. ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲ್‌ಶಹ (1534–1558) ಲೆಕ್ಕಪತ್ರಗಳಿಂದ ಫಾರಸಿಯನ್ನು ತೆಗೆದು ದೇಶಭಾಷೆಗೆ ಎಡೆಮಾಡಿಕೊಟ್ಟನೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಭಾಷೆ ಹೋದರೂ ಶಬ್ದಗಳು ಉಳಿದವು. ಮುಂದೆ ಮರಾಠರ ಆಳ್ವಿಕೆ, ದಕ್ಷಿಣದಲ್ಲಿ ಹೈದರ್ ಮತ್ತು ಟಿಪ್ಪುವಿನ ಆಡಳಿತ ಇನ್ನಷ್ಟನ್ನು ತಂದವು. ತಹಶೀಲು, ಜಮಾಬಂದಿ, ಶಿರಸ್ತೇದಾರ, ದಾಖಲೆ, ಅರ್ಜಿ, ವಕೀಲ — ಇವೆಲ್ಲ ಕಚೇರಿಯ ಬಾಗಿಲಲ್ಲೇ ನಿಂತ ಶಬ್ದಗಳು. 'ಹುಷಾರು' ಮಾತ್ರ ಕಚೇರಿಯ ಹೊಸ್ತಿಲು ದಾಟಿ ಅಡುಗೆಮನೆಯವರೆಗೆ ಬಂದು, ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಕುಳಿತುಕೊಂಡಿತು.

ಎರವಲು ಶಬ್ದಗಳ ವಿಷಯದಲ್ಲಿ ಸಿಟ್ಟಾಗುವವರು ನಮ್ಮಲ್ಲಿದ್ದಾರೆ. ಅವರ ಗಮನಕ್ಕೆ ಒಂದು ಸಂಗತಿ ತರಬೇಕು. ಶಿವಾಜಿ ಮಹಾರಾಜರ ಆಜ್ಞೆಯಂತೆ 'ರಾಜವ್ಯವಹಾರಕೋಶ'ವೆಂಬ ಗ್ರಂಥ ಸಿದ್ಧವಾಯಿತು. ಆಡಳಿತದಲ್ಲಿ ತುಂಬಿದ್ದ ಸಾವಿರಕ್ಕೂ ಮಿಕ್ಕ ಯಾವನೀ ಶಬ್ದಗಳಿಗೆ ಸಂಸ್ಕೃತದ ಪರ್ಯಾಯಗಳನ್ನು ಕೊಡುವುದು ಅದರ ಉದ್ದೇಶ. ದೊಡ್ಡ ಸಾಹಸ. ಅಷ್ಟಾದರೂ ಈ ನಗರದಲ್ಲಿ ಮರಾಠಿ ತಾಯಿಯೊಬ್ಬಳು ತನ್ನ ಮಗನನ್ನು ಹೊಗಳಬೇಕಾದಾಗ ಬಾಯಿಗೆ ಬರುವುದು 'ಹುಶಾರ್' ಎಂಬ ಶಬ್ದವೇ. ರಾಜಾಜ್ಞೆ ಕಚೇರಿಯನ್ನು ತಿದ್ದಬಲ್ಲದು. ತಾಯಂದಿರ ಮಾತನ್ನು ತಿದ್ದುವುದು ಕಷ್ಟ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅರಿವುಳ್ಳವನು ಎಂಬ ಅರ್ಥದ ಶಬ್ದ ಕನ್ನಡದಲ್ಲಿ ಆರೋಗ್ಯವನ್ನು ಹೇಳತೊಡಗಿದ್ದೇಕೆ? ನನಗೆ ತೋರುವ ಉತ್ತರವಿದು: ಅದಕ್ಕೆ ಕನ್ನಡದಲ್ಲಿ ದಾರಿ ಮೊದಲೇ ಸಿದ್ಧವಾಗಿತ್ತು. ನಮ್ಮ 'ಎಚ್ಚರ'ವನ್ನು ನೋಡಿ. 'ಎಚ್ಚರವಾಯಿತು' ಅಂದರೆ ನಿದ್ದೆ ತಿಳಿಯಿತು. 'ಎಚ್ಚರ ತಪ್ಪಿತು' ಅಂದರೆ ಪ್ರಜ್ಞೆ ಹೋಯಿತು. 'ಎಚ್ಚರದಿಂದಿರು' ಅಂದರೆ ಜಾಗ್ರತೆಯಾಗಿರು. ಪ್ರಜ್ಞೆ ಮತ್ತು ಜಾಗ್ರತೆ ಎರಡೂ ಅಲ್ಲಿ ಒಂದೇ ಗೂಡಿನಲ್ಲಿವೆ. 'ಚೇತರಿಸಿಕೊಳ್ಳು' ಎಂಬ ಕ್ರಿಯೆಯನ್ನು ನೋಡಿ. ಚೇತಸ್ ಅಂದರೆ ಮನಸ್ಸು, ಅರಿವು. ಆದರೆ ನಾವು ಚೇತರಿಸಿಕೊಳ್ಳುವುದು ಕಾಯಿಲೆಯಿಂದ. ಕಾಯಿಲೆಯೆಂದರೆ ಅರಿವು ಮಂಕಾಗುವುದು, ಗುಣವಾಗುವುದೆಂದರೆ ಅರಿವು ಮರಳುವುದು ಎಂಬುದು ನಮ್ಮ ಭಾಷೆಯ ಹಳೆಯ ತಿಳಿವಳಿಕೆ. ಪಕ್ಕದ ಮನೆಯ ಅಜ್ಜಿ ಕಾಯಿಲೆಯ ಮಗುವಿನ ಹಣೆ ಮುಟ್ಟುವ ಮೊದಲು ಕಣ್ಣು ನೋಡುತ್ತಿದ್ದಳು. 'ಕಣ್ಣು ಹುಷಾರಾಗಿದೆ, ಹೆದರಬೇಡ' ಎನ್ನುತ್ತಿದ್ದಳು. ಫಾರಸಿಯ ಮೂಲಾರ್ಥ ಅವಳಿಗೆ ತಿಳಿದಿರಲಿಲ್ಲ. ಆದರೆ ಆ ವಾಕ್ಯದಲ್ಲಿ ಮೂಲಾರ್ಥ ಅಷ್ಟೂ ಇತ್ತು.

ಸಂಸ್ಕೃತವೂ ಇದೇ ದಾರಿಯಲ್ಲಿ ನಡೆದಿದೆ. 'ಕುಶಲ' ಎಂದರೆ ನಿಪುಣ, ಕುಶಲಕರ್ಮಿ ಎನ್ನುತ್ತೇವೆ. ಆದರೆ ಪತ್ರದ ಮೊದಲ ಸಾಲಿನಲ್ಲಿ 'ಎಲ್ಲರೂ ಕುಶಲವೇ?' ಎಂದು ಕೇಳುವಾಗ ವಿಚಾರಿಸುವುದು ಆರೋಗ್ಯವನ್ನು. ಕುಶವೆಂಬ ಹರಿತವಾದ ದರ್ಭೆಯನ್ನು ಕೈಗೆ ಗಾಯವಾಗದಂತೆ ಕಿತ್ತು ತರುವವನು ಕುಶಲ ಎಂದು ಹಳಬರ ವಿವರಣೆ. ಅಲಂಕಾರಶಾಸ್ತ್ರದಲ್ಲಿ ಮಮ್ಮಟ ಈ ಶಬ್ದವನ್ನೇ ಲಕ್ಷಣೆಗೆ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ನಿಪುಣತೆ, ಜಾಗ್ರತೆ, ಗಾಯವಿಲ್ಲದ ಕೈ ಈ ಮೂರೂ ಆ ವಿವರಣೆಯಲ್ಲಿವೆ. ದರ್ಭೆಯ ತುದಿಯಷ್ಟು ಹರಿತವಾದ ಬುದ್ಧಿಯವನು ಕುಶಾಗ್ರಮತಿ. ಅದೇ ದರ್ಭೆಯಿಂದ ಕೈ ಉಳಿಸಿಕೊಂಡವನು ಕುಶಲ. 'ಪಟು' ಎಂಬ ಶಬ್ದವೂ ಇಂಥದೇ. ಕ್ರೀಡಾಪಟು, ಕುಸ್ತಿಪಟು ಎಂದು ನಾವು ಬಳಸುವ ಈ ಶಬ್ದಕ್ಕೆ ಸಂಸ್ಕೃತ ಕೋಶಗಳು ತೀಕ್ಷ್ಣ, ದಕ್ಷ, ನಿರೋಗಿ ಎಂಬ ಅರ್ಥಗಳನ್ನು ಕೊಡುತ್ತವೆ. ಹೀಗಾಗಿ ಹುಷಾರಿನ ಮೂರು ಅರ್ಥಗಳು ಕನ್ನಡಿಗರ ಅಜಾಗರೂಕತೆಯಿಂದ ಹುಟ್ಟಿದ ಗೊಂದಲವಲ್ಲ. ಹಿರಿಯರು ಮೊದಲೇ ತುಳಿದ ಹಾದಿ.

ಈ ಶಬ್ದದ ನೆರೆಹೊರೆಯ ಸಂಬಂಧಿಗಳನ್ನೂ ಒಮ್ಮೆ ಮಾತನಾಡಿಸಬೇಕು. ಬುದ್ಧಿಯ ವೇಗಕ್ಕೆ ಅಚ್ಚಗನ್ನಡದ ಶಬ್ದ 'ಚುರುಕು'. ಅದರ ಮೊದಲ ಅನುಭವ ಮೈಯದು: ಬಿಸಿಲಿನ ಚುರುಕು, ಕಾದ ಬಾಣಲೆ ಬೆರಳಿಗೆ ತಾಗಿದಾಗಿನ ಚುರುಕು. 'ಚುರುಕು ಮುಟ್ಟಿಸುವುದು' ಇಂದಿಗೂ ಶಿಕ್ಷೆಯೇ. ಸುಡುವುದು ಬುದ್ಧಿವಂತಿಕೆಯಾದದ್ದು ಹೇಗೆ ಎಂದು ಆಶ್ಚರ್ಯಪಡಬೇಕಾಗಿಲ್ಲ. ಅಮರಕೋಶ 'ದಕ್ಷ' ಎಂಬುದಕ್ಕೆ ಕೊಡುವ ಪರ್ಯಾಯಗಳಲ್ಲಿ ಚತುರ, ಪೇಶಲ, ಪಟು ಇವುಗಳ ಜೊತೆಗೆ 'ಉಷ್ಣ'ವೂ ಸೇರಿದೆ. ಸೋಮಾರಿಗೆ ಕೊಡುವ ಪರ್ಯಾಯಗಳಲ್ಲಿ 'ಶೀತಕ', 'ಅನುಷ್ಣ' ಇವೆ. ಈ ಅರ್ಥದಲ್ಲಿ ಶೀತಕ, ಉಷ್ಣಕ ಎಂಬ ರೂಪಗಳನ್ನು ಸಾಧಿಸಲು ಪಾಣಿನಿ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ಬಿಸಿಯಾಗಿರುವವನು ಕೆಲಸಗಾರ, ತಣ್ಣಗಿರುವವನು ಮೈಗಳ್ಳ. ಇಂಗ್ಲಿಷಿನ 'ಸ್ಮಾರ್ಟ್' ಕೂಡ ಮೊದಲು ಉರಿ, ಚುಚ್ಚುನೋವು ಎಂಬ ಅರ್ಥದ ಶಬ್ದವಾಗಿತ್ತು. ಇಂದು ಎಲ್ಲರ ಜೇಬಿನ ಫೋನಿಗೆ ವಿಶೇಷಣವಾಗಿ ಕುಳಿತಿದೆ.

'ಜಾಣ' ಬಂದದ್ದು ಸಂಸ್ಕೃತದ 'ಜ್ಞಾ' ಧಾತುವಿನಿಂದ, ಪ್ರಾಕೃತದ ಮೂಲಕ. ನಮ್ಮ ಧಾರವಾಡ, ಬಿಜಾಪುರ ಕಡೆಯವರು ಹೇಳುವ 'ಶಾಣ್ಯಾ' ಕೂಡ, ಮರಾಠಿಯ 'ಶಹಾಣಾ', ಹಿಂದಿಯ 'ಸಯಾನಾ' ಇವುಗಳ ಜೊತೆಯಲ್ಲಿ, 'ಸಜ್ಞಾನ'ದಿಂದ ಬಂದದ್ದು. ಹಾಗಾಗಿ ಮೈಸೂರಿನ ಜಾಣನೂ ಧಾರವಾಡದ ಶಾಣ್ಯಾನೂ ಒಂದೇ ವಂಶದವರು. ಆದರೆ ಈ ವಂಶಕ್ಕೆ ಒಂದು ಶಾಪವಿದೆ: ಕಾಲಕ್ರಮದಲ್ಲಿ ಬುದ್ಧಿಯನ್ನು ಹೇಳುವ ಶಬ್ದಕ್ಕೆ ಕುಯುಕ್ತಿಯ ವಾಸನೆ ಹತ್ತಿಕೊಳ್ಳುತ್ತದೆ. ಜಾಣಕುರುಡು, ಜಾಣಕಿವುಡು, ಜಾಣಮರೆವು ಎಂಬ ಶಬ್ದಗಳನ್ನು ನೋಡಿದರೆ ಸಾಕು. ಮರಾಠಿಯಲ್ಲಿ ಅತಿಬುದ್ಧಿವಂತನನ್ನು 'ದೀಡ್ ಶಹಾಣಾ', ಒಂದೂವರೆ ಶಾಣ್ಯಾ ಎಂದು ಹಂಗಿಸುತ್ತಾರೆ. ಇನ್ನು 'ಚಾಲಾಕಿ', 'ಕಿಲಾಡಿ'ಗಳಂತೂ ಸಂಶಯದಿಂದಲೇ ಬಾಳುವ ಶಬ್ದಗಳು. ಮುಂಬಯಿ ಹಿಂದಿಯಲ್ಲಿ 'ಹೋಶಿಯಾರಿ'ಯೂ ಕೆಟ್ಟಿದೆ. 'ಜ್ಯಾದಾ ಹೋಶಿಯಾರಿ ಮತ್ ಕರ್' ಎಂಬ ಬೈಗುಳವನ್ನು ರೈಲಿನ ಬಾಗಿಲಲ್ಲಿ ನಾವೆಲ್ಲ ಕೇಳಿದವರೇ. ಕನ್ನಡದ 'ಹುಷಾರು' ಮಾತ್ರ ಈ ಶಾಪದಿಂದ ಬಹುಮಟ್ಟಿಗೆ ಪಾರಾಗಿದೆ. ಕಾಯಿಲೆಯವರ ಹಾಸಿಗೆಯ ಪಕ್ಕ ಕುಳಿತ ಶಬ್ದವಾದ್ದರಿಂದ ಅದಕ್ಕೆ ಮೃದುತ್ವ ಬಂದಿರಬೇಕು.

ಸೋದರ ಭಾಷೆಗಳಲ್ಲಿ ಇದೇ ಶಬ್ದ ಬೇರೆಬೇರೆ ವೇಷ ತೊಟ್ಟಿದೆ. ತೆಲುಗಿನಲ್ಲಿ 'ಹುಷಾರು' ಎಂದರೆ ಉತ್ಸಾಹ, ಲವಲವಿಕೆ. ಮಲಯಾಳದಲ್ಲಿ 'ಉಷಾರ್' ಎಂದರೂ ಹೆಚ್ಚುಕಡಿಮೆ ಅದೇ. ತಮಿಳಿನಲ್ಲಿ 'ಉಷಾರ್' ಅಂದರೆ ಜಾಗರೂಕತೆ. ಕೊಂಕಣಿಯಲ್ಲಿ ಬುದ್ಧಿವಂತಿಕೆ. ಮರಾಠಿಯಲ್ಲಂತೂ ಅದು ಶಾಲೆಯ ಶಬ್ದವೇ ಆಗಿಬಿಟ್ಟಿದೆ: ಪರೀಕ್ಷೆಯಲ್ಲಿ ಮುಂದಿರುವ ಮಗು 'ಹುಶಾರ್'. ಎಚ್ಚರಿಕೆ ಹೇಳಬೇಕಾದರೆ ಮರಾಠಿಗರು 'ಸಾಂಭಾಳೂನ್', 'ಜಪೂನ್' ಎನ್ನುತ್ತಾರೆ. ಮೈ ಸರಿಯಿಲ್ಲದಿದ್ದರೆ 'ಬರಂ ನಾಹೀ' ಎನ್ನುತ್ತಾರೆ. ಕಾಯಿಲೆಯ ಮಾತಿಗೆ ಆ ಭಾಷೆಯಲ್ಲಿ 'ಹುಶಾರ್' ಸಾಮಾನ್ಯವಾಗಿ ಬರುವುದಿಲ್ಲ.

ಈಗ ನಾನು ಹೇಳುವೆನೆಂದ ಸಂಗತಿ.

1969ನೆಯ ಇಸವಿ. ನಮ್ಮ ತಂದೆ ಬಂದರಿನ ಕಡೆಯ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ವಡಾಲದ ಪೂರ್ವಕ್ಕೆ ಆಗ ಉಪ್ಪಿನ ಗದ್ದೆಗಳು ಕಾಣುತ್ತಿದ್ದವು. ನಾನು ಎರಡು ವರ್ಷ ಮೊದಲೇ ಬಂದು ಮರಾಠಿ ಕಲಿತಿದ್ದೆ. ತಾಯಿ ಮತ್ತು ತಮ್ಮ ಕುಂದಾಪುರದ ಕಡೆಯ ಊರಿನಿಂದ ಆ ವರ್ಷ ಬಂದರು. ಆ ಕಾಲ ಹೇಗಿತ್ತೆಂಬುದನ್ನು ಹಿರಿಯರು ಮರೆತಿರಲಾರರು. 1967ರಲ್ಲಿ ಮಹಾಜನ್ ಆಯೋಗದ ವರದಿ ಬಂದಿತ್ತು. ಗಡಿ ವಿವಾದದ ಕಾವಿಗೆ 1969ರ ಫೆಬ್ರವರಿಯಲ್ಲಿ ಈ ನಗರ ಹಲವು ದಿನ ಹೊತ್ತಿ ಉರಿದಿತ್ತು. ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬೀಳುತ್ತಿದ್ದ ದಿನಗಳವು. ತಂದೆ ಪ್ರತಿದಿನ ಬೆಳಿಗ್ಗೆ ಹೊರಡುವಾಗ 'ಹುಷಾರು' ಎಂದು ಹೇಳುತ್ತಿದ್ದರು. ಆ ಶಬ್ದಕ್ಕೆ ನಮ್ಮ ಮನೆಯಲ್ಲಿ ಆಗ ನಾಲ್ಕನೆಯ ಅರ್ಥವೊಂದು ಹುಟ್ಟಿತ್ತು: ಬೀದಿಯಲ್ಲಿ ಕನ್ನಡವನ್ನು ಗಟ್ಟಿಯಾಗಿ ಆಡಬೇಡಿ.

ಹತ್ತಿರದಲ್ಲಿದ್ದ ಒಂದು ಮರಾಠಿ ಶಾಲೆಗೆ ತಮ್ಮನನ್ನು ಸೇರಿಸಿದರು. ಶಾಲೆಯ ಹೆಸರು ಬೇಡ. ಅವನಿಗೆ ಎಂಟು ವರ್ಷ. ಮಳೆಗಾಲದಲ್ಲಿ ಅವನಿಗೆ ಜ್ವರ ಹಿಡಿದು ಮೂರು ವಾರ ಮಲಗಿದ. ರಜೆ ಕೇಳಲು ತಾಯಿ ನನ್ನನ್ನು ಕರೆದುಕೊಂಡು ಶಾಲೆಗೆ ಹೋದಳು. ಅವಳಿಗೆ ಬರುತ್ತಿದ್ದದ್ದು ತರಕಾರಿಯವಳೊಡನೆ ಕಲಿತ ನಾಲ್ಕಾರು ಮರಾಠಿ ಮಾತು. ಗುರುಗಳನ್ನು ಕಂಡು, ಕನ್ನಡದ ವಾಕ್ಯವನ್ನು ಮನಸ್ಸಿನಲ್ಲೇ ತಿರುಗಿಸಿ, 'ಬಾಯೀ, ಮುಲ್ಗಾ ಹುಶಾರ್ ನಾಹೀ' ಎಂದಳು. ಮಗನಿಗೆ ಮೈ ಸರಿಯಿಲ್ಲ ಎಂದು ಹೇಳಿದ್ದೇನೆಂದು ಅವಳ ಭಾವನೆ. ಆ ಬಡಪಾಯಿ 'ಗೆ' ಪ್ರತ್ಯಯ ಅನುವಾದದಲ್ಲಿ ಕಳೆದುಹೋಗಿತ್ತು. ಗುರುಗಳಿಗೆ ಕೇಳಿಸಿದ್ದು: 'ನನ್ನ ಮಗ ದಡ್ಡ.' ಆಕೆ ಒಳ್ಳೆಯ ಹೆಂಗಸು. ಸಹಾನುಭೂತಿಯಿಂದ ತಲೆಯಾಡಿಸಿ, ಇರಲಿ, ನೋಡಿಕೊಳ್ಳುತ್ತೇನೆ ಎಂಬರ್ಥದಲ್ಲಿ ಏನೋ ಹೇಳಿದರು. ತಾಯಿಗೆ ಸಮಾಧಾನವಾಯಿತು.

ನನಗೆ ಎರಡೂ ಅರ್ಥ ಗೊತ್ತಿತ್ತು. ಹತ್ತು ವರ್ಷದ ಹುಡುಗ ನಾನು. ನಗು ಬಂತು, ತಡೆದುಕೊಂಡೆ. ತಿದ್ದಲಿಲ್ಲ. ಮನೆಗೆ ಬಂದು ಆ ಮಾತನ್ನೇ ಅಣಕಿಸಿ ತಮ್ಮನನ್ನು ರೇಗಿಸಿದೆ.

ಜ್ವರ ಬಿಟ್ಟು ತಮ್ಮ ಮತ್ತೆ ಶಾಲೆಗೆ ಹೋದಾಗ ಅವನಿಗೆ ಕೊನೆಯ ಬೆಂಚು ಕಾದಿತ್ತು. ಅವನನ್ನು ಪ್ರಶ್ನೆ ಕೇಳುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಮರಾಠಿ ಬಾರದ ಮಗು ಸುಮ್ಮನಿದ್ದರೆ, ಅವನ ತಾಯಿಯೇ ಹೇಳಿದ್ದಾಳಲ್ಲ ಎಂಬ ಸಾಕ್ಷ್ಯ ಸಿದ್ಧವಾಗಿತ್ತು. ವರ್ಷಾಂತ್ಯದಲ್ಲಿ ಫಲಿತಾಂಶಕ್ಕೆಂದು ಹೋದಾಗ ಗುರುಗಳು ಮೆಲ್ಲಗೆ, 'ತುಮ್ಚಾ ಮುಲ್ಗಾ ಹುಶಾರ್ ನಾಹೀ' ಎಂದರು. ತಾಯಿ ಆಶ್ಚರ್ಯಪಟ್ಟು, ಇಲ್ಲವಲ್ಲ, ಈಗ ಹುಷಾರಾಗಿ ಎಷ್ಟೋ ತಿಂಗಳಾಯಿತು ಎಂದು ಹರಕು ಮರಾಠಿಯಲ್ಲಿ ಹೇಳಿ ನಕ್ಕಳು. ಗುರುಗಳೂ ನಕ್ಕರು. ಇಬ್ಬರೂ ಒಂದೇ ಶಬ್ದವನ್ನು ಆಡಿ, ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡೆವೆಂದು ನಂಬಿ ಬೇರೆಯಾದರು. ಅಂದೂ ನಾನು ಪಕ್ಕದಲ್ಲಿದ್ದೆ. ಅಂದು ನನಗೆ ನಗು ಬರಲಿಲ್ಲ. ಆದರೆ ಈಗ ಹೇಳಿದರೆ ಮೊದಲೇ ಏಕೆ ಹೇಳಲಿಲ್ಲವೆಂದು ಬೈಯುತ್ತಾರೆಂಬ ಹೆದರಿಕೆಯಿಂದ ಬಾಯಿ ಬಿಡಲಿಲ್ಲ.

ತಮ್ಮ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಕ್ಯಾಂಟೀನಿಗೆ ಸೇರಿದ. ಒಂದು ವಾಕ್ಯದಿಂದಲೇ ಇಷ್ಟೆಲ್ಲ ಆಯಿತೆಂದು ನಾನು ಹೇಳಲಾರೆ. ಬಡತನವಿತ್ತು, ತಂದೆಯ ಆರೋಗ್ಯ ಕೆಟ್ಟಿತ್ತು, ಮರಾಠಿಯಲ್ಲಿ ಅವನು ಹಿಂದುಳಿದದ್ದೂ ನಿಜ. ಆದರೆ ಅವನು ತನ್ನನ್ನು ತಾನು 'ನಾನು ಹುಷಾರಿಲ್ಲದವನು' ಎಂದು ಕರೆದುಕೊಳ್ಳುವುದನ್ನು ಎಷ್ಟೋ ವರ್ಷ ಕೇಳಿದ್ದೇನೆ. ಅದೇ ಮನುಷ್ಯ ಕಾಗದ ಪೆನ್ಸಿಲು ಇಲ್ಲದೆ ನಲವತ್ತು ಗಿರಾಕಿಗಳ ತಿಂಗಳ ಲೆಕ್ಕವನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ; ತುಳು, ಕನ್ನಡ, ಮರಾಠಿ, ಹಿಂದಿ, ಗುಜರಾತಿ ಐದು ಭಾಷೆಗಳಲ್ಲಿ ಗಿರಾಕಿಯ ಮುಖ ನೋಡಿ ಮಾತು ಬದಲಾಯಿಸುತ್ತಿದ್ದ. ಪಂಚತಂತ್ರದ ಮೂರು ಮೀನುಗಳಲ್ಲಿ ಅಪಾಯ ಎದುರಾದ ಗಳಿಗೆಯಲ್ಲೇ ಉಪಾಯ ಹೊಳೆದದ್ದು ಪ್ರತ್ಯುತ್ಪನ್ನಮತಿಗೆ. ಆ ಹೆಸರಿಗೆ ತಕ್ಕವನನ್ನು ನಾನು ಕಂಡದ್ದು ಅವನೊಬ್ಬನನ್ನೇ. ಈ ಕಥೆಯನ್ನು ನಾನು ಅವನಿಗೆ ಹೇಳಿದ್ದು ಅವನಿಗೆ ಐವತ್ತು ದಾಟಿದ ಮೇಲೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮನಿಗೆ ಹೇಳಿದ್ದೀಯಾ?' ಎಂದು ಕೇಳಿದ. ಇಲ್ಲವೆಂದೆ. 'ಹೇಳಬೇಡ' ಎಂದ. ಅವಳು ಈಗಿಲ್ಲ, ಆದ್ದರಿಂದ ಇಂದು ಇಲ್ಲಿ ಹೇಳುತ್ತಿದ್ದೇನೆ.

ಬಂಧುಗಳೇ, ಇದನ್ನು ಮರಾಠಿಯ ಮೇಲಿನ ದೂರೆಂದು ಯಾರೂ ಭಾವಿಸಬಾರದು. ಇದೇ ವಡಾಲದ ವಿಠ್ಠಲ ಮಂದಿರದಲ್ಲಿ ಆಷಾಢ ಏಕಾದಶಿಯಂದು ಸಾಲುಗಟ್ಟಿ ನಿಲ್ಲುವವರು ಪೂಜಿಸುವ ದೇವರನ್ನು ಜ್ಞಾನೇಶ್ವರರು ಕನ್ನಡದವನೆಂದೇ ತಮ್ಮ ಅಭಂಗದಲ್ಲಿ ಕರೆದಿದ್ದಾರೆ. ಶಂ.ಬಾ. ಜೋಶಿಯವರು ಎರಡೂ ಭಾಷೆಗಳಲ್ಲಿ ಬರೆದು ಈ ನಂಟಿನ ಬೇರುಗಳನ್ನು ಶೋಧಿಸಿದವರು. ಅಪರಿಚಿತ ಭಾಷೆಯ ಅಪರಿಚಿತ ಶಬ್ದ ನಮ್ಮನ್ನು ಮೋಸಗೊಳಿಸುವುದಿಲ್ಲ, ತಿಳಿಯದಿದ್ದರೆ ಕೇಳುತ್ತೇವೆ. ಮೋಸಗೊಳಿಸುವುದು ನೆಂಟರಂತೆ ಕಾಣುವ ಶಬ್ದ. ಎರಡು ಭಾಷೆಗಳು ಹತ್ತಿರವಾದಷ್ಟೂ ಈ ಅಪಾಯ ಹೆಚ್ಚು. ಆ ಅಪಾಯದ ಬೆಲೆಯನ್ನು ತೆರುವವರು ವಿದ್ವಾಂಸರಲ್ಲ. ಊರಿನಿಂದ ಹೊಸದಾಗಿ ಬಂದ ತಾಯಂದಿರು, ಕೊನೆಯ ಬೆಂಚಿನ ಮಕ್ಕಳು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಹೋಟೆಲಿನ ಹುಡುಗರಿಗಾಗಿ ಕೋಟೆಯ ಭಾಗದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ಕಟ್ಟಿದವರೂ, ಇದೇ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯನ್ನು ಬೆಳೆಸಿದವರೂ, ಮಗು ತನ್ನ ಮಾತಿನಲ್ಲಿ ತನ್ನ ಬುದ್ಧಿಯನ್ನು ತೋರಿಸಲು ಒಂದು ಜಾಗ ಬೇಕೆಂದು ತಿಳಿದವರು. ಈ ನಗರದ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಬರಿದಾದದ್ದು ನಮ್ಮ ಕಣ್ಣೆದುರಿಗೇ. ಅದಕ್ಕೆ ಕಾರಣರು ಹೊರಗಿನವರಷ್ಟೇ ಅಲ್ಲ. ನನ್ನ ಮಕ್ಕಳೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು. ಆ ಬಾಗಿಲು ಮತ್ತೆ ತೆರೆಯುವುದೆಂದು ಸುಳ್ಳು ಭರವಸೆ ಕೊಡಲಾರೆ.

ಆದರೆ ಸಂಘಗಳಿಂದ ಆಗಬಹುದಾದ ಎರಡು ಸಣ್ಣ ಕೆಲಸಗಳಿವೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯಲ್ಲಿ ಬರೆದ 'ಇಗೋ ಕನ್ನಡ' ಅಂಕಣದಲ್ಲಿ, ಓದುಗರು ಒಂದು ಶಬ್ದದ ಅರ್ಥ ಕೇಳಿ ಪತ್ರ ಬರೆದರೆ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಹೊರನಾಡಿನ ನಮಗೂ ಅಂಥದೊಂದು ಪಟ್ಟಿ ಬೇಕು: ಕನ್ನಡ ಮರಾಠಿಗಳಲ್ಲಿ ಒಂದೇ ಮುಖ, ಬೇರೆ ಮನಸ್ಸು ಇರುವ ಶಬ್ದಗಳ ಪಟ್ಟಿ. ಈ ತ್ರೈಮಾಸಿಕದ ಪುಟಗಳಲ್ಲೇ ಅದನ್ನು ಆರಂಭಿಸಬಹುದು. ಮೊದಲ ಶಬ್ದವನ್ನು ನಾನು ಕೊಟ್ಟಾಗಿದೆ. ಎರಡನೆಯದು, ಕಲಬುರ್ಗಿ, ಯಾದಗಿರಿ ಕಡೆಗಳಿಂದ ಕಟ್ಟಡದ ಕೆಲಸಕ್ಕೆಂದು ಈ ನಗರಕ್ಕೆ ಬರುವ ಕುಟುಂಬಗಳ ತಾಯಂದಿರ ಜೊತೆಗೆ, ಶಾಲೆಗೆ ಮಗುವನ್ನು ಸೇರಿಸುವ ದಿನ, ಎರಡೂ ಭಾಷೆ ಬಲ್ಲ ಒಬ್ಬರು ಹೋಗಿ ನಿಲ್ಲಬೇಕು. ಪಕ್ಕದಲ್ಲಿ ನಿಂತರೆ ಸಾಲದು. ನಿಂತವರು ಬಾಯಿ ಬಿಡಬೇಕು.

ಮಗುವಿಗೆ ಹುಷಾರಿಲ್ಲವೆಂದರೆ ಮದ್ದುಂಟು. ಮಗು ಹುಷಾರಿಲ್ಲವೆಂದು ಒಮ್ಮೆ ಬರೆದಿಟ್ಟರೆ ಅದನ್ನು ಅಳಿಸಲು ಒಂದು ಜೀವಮಾನ ಸಾಲದು.

ಗಂಟೆ ಒಂಬತ್ತಾಯಿತು. ಕುರ್ಲಾ, ಚೆಂಬೂರು ಕಡೆಗೆ ಹೋಗುವವರು ವಡಾಲ ರೋಡಿನಲ್ಲಿ ಗಾಡಿ ಹಿಡಿಯಬೇಕಾಗಿದೆ. ಇಷ್ಟು ಹೊತ್ತು ಕಿವಿಗೊಟ್ಟು ಕೇಳಿದಿರಿ. ಶಬ್ದದ ಮೂಲಾರ್ಥಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇರಿಲ್ಲ. ಎಲ್ಲರೂ ಹುಷಾರಾಗಿ ಮನೆ ಸೇರಿ.